ಅದೇ ಚಂದದ ಪದ

ಟೆಸೇರಾ ಆ ಪುಟವನ್ನು ಬೆಳಗಿನಿಂದ ನಾಲ್ಕು ಸಲ ತೆರೆದು ನಾಲ್ಕು ಸಲ ಮುಚ್ಚಿದ್ದರು. ಮಲಯದ ತೈಪಿಂಗ್ ಪಟ್ಟಣದಲ್ಲಿ, ಕೋರ್ಟಿನ ಎದುರಿನ ಜಗುಲಿಯಲ್ಲಿ ಟೈಪ್‌ರೈಟರ್ ಇಟ್ಟುಕೊಂಡು ಕೂರುವ ಅರ್ಜಿಬರಹಗಾರರಲ್ಲಿ ತಮ್ಮಷ್ಟು ಇಂಗ್ಲಿಷ್ ಯಾರಿಗೂ ಬಾರದು ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ಹೇಳಲು ಬೇರೆ ಯಾರೂ ಇರಲಿಲ್ಲ. ಅವರ ಬಂಡವಾಳವೆಂದರೆ ಬೆನ್ನು ಕಿತ್ತುಹೋದ ಒಂದು ಪುಸ್ತಕ. ಒಂದು ಪದ ಹುಡುಕಿದರೆ ಅದೇ ಅರ್ಥದ ಹತ್ತಿಪ್ಪತ್ತು ಪದ ಕೊಡುವಂಥದ್ದು. ಈಗ ತೆರೆದಿದ್ದುದು ‘ಮಿಸ್ಟೇಕ್’ ಇದ್ದ ಪುಟ.

ಎದುರಿನ ಸ್ಟೂಲಿನ ಮೇಲೆ ಸಿದೆಕ್ ಊದಿದ ಕೆನ್ನೆ ಹಿಡಿದುಕೊಂಡು ಕೂತಿದ್ದ. ರೈಲ್ವೆ ಗೇಟಿನ ಕಾವಲುಗಾರ. ನಿನ್ನೆ ಅವನು ಗೇಟು ಹಾಕಿರಲಿಲ್ಲ. ಗೂಡ್ಸ್ ಗಾಡಿ ಬಂದು ರಬ್ಬರ್ ತುಂಬಿದ ಲಾರಿಯ ಹಿಂಬದಿಯನ್ನು ಸವರಿಕೊಂಡು ಹೋಗಿತ್ತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಇನ್‌ಸ್ಪೆಕ್ಟರ್ ಸಾಹೇಬರು ನಾಲ್ಕು ಗಂಟೆಯ ಗಾಡಿಗೆ ಇಪೋಗೆ ಹೊರಡುವವರು. ಅಷ್ಟರೊಳಗೆ ಇಂಗ್ಲಿಷಿನಲ್ಲಿ ವಿವರಣೆ ಕೊಡದಿದ್ದರೆ ಕೆಲಸವೂ ಇಲ್ಲ, ರೈಲ್ವೆಯವರು ಕೊಟ್ಟ ಮನೆಯೂ ಇಲ್ಲ. ಮಲಯಕ್ಕೆ ಸ್ವಾತಂತ್ರ್ಯ ಬಂದು ಐದು ವರ್ಷವಾಗಿದ್ದರೂ ಇಲಾಖೆಗಳು ಇನ್ನೂ ಇಂಗ್ಲಿಷಿನಲ್ಲೇ ಗದರುತ್ತಿದ್ದವು.

“ಅಂಕಲ್, ಎರಡೂವರೆ ಆಯ್ತು,” ಎಂದ ಸಿದೆಕ್.

“ಗೊತ್ತಪ್ಪ. ಗಡಿಯಾರ ನನಗೂ ಕಾಣುತ್ತೆ. ಇನ್ನೊಂದು ಸಲ ಹೇಳು, ನಿಜವಾಗಿ ಏನಾಯ್ತು?”

“ಮೂರು ರಾತ್ರಿಯಿಂದ ಹಲ್ಲುನೋವು, ನಿದ್ದೆ ಇಲ್ಲ. ಲವಂಗ ಕಚ್ಚಿಕೊಂಡು ಕೂತೆ. ನೋವು ಇಳೀತು, ಕಣ್ಣು ಹತ್ತಿಬಿಡ್ತು.”

ಟೆಸೇರಾ ಎದ್ದರು, ಜಗುಲಿಯ ಕಂಬದವರೆಗೆ ಹೋದರು, ಬಂದು ಕೂತರು. ‘ಎರರ್’ ಅಂದರೆ ಗುಮಾಸ್ತ ಕೂಡುವ ಲೆಕ್ಕದಲ್ಲಿ ಎಡವಿದ ಹಾಗೆ. ಅಷ್ಟು ಹಗುರ ನಡೆಯದು. ‘ಫಾಲ್ಟ್’ ಅಂದರೆ ಲಾರಿಯವನು ಕೈಬೀಸಿಕೊಂಡು ಹೋಗುತ್ತಾನೆ, ಭಾರವೆಲ್ಲ ಇವನ ತಲೆಗೆ. ‘ನೆಗ್ಲಿಜೆನ್ಸ್’ ಅಂತ ಬರೆದರೆ ಸಾಹೇಬರಿಗೆ ಪೆನ್ನು ತೆಗೆಯುವುದಷ್ಟೇ ಬಾಕಿ. ಎಲ್ಲವೂ ಒಂದೇ ಅರ್ಥದ ಪದಗಳೆಂದು ಪುಸ್ತಕ ಹೇಳುತ್ತದೆ. ಪುಸ್ತಕಕ್ಕೇನು, ಅದು ಯಾವತ್ತೂ ಕೆಲಸ ಕಳೆದುಕೊಂಡಿಲ್ಲ.

ಅಷ್ಟರಲ್ಲಿ ಸಿದೆಕನ ಅಪ್ಪ ಲಾಜಿಮ್, ಎದುರಿನ ತನ್ನ ತಳ್ಳುಗಾಡಿಯಿಂದ ಕಾಫಿ ತಂದ. ಮೊದಲು ಅವನು ಪೋಸ್ಟ್‌ಮ್ಯಾನ್, ವಿಳಾಸ ಓದುವಷ್ಟು ಅಕ್ಷರ ಬಲ್ಲವನೇ ಹೊರತು ಇಂಗ್ಲಿಷ್ ತಿಳಿದವನಲ್ಲ. ಹನ್ನೊಂದು ವರ್ಷದಿಂದ ಕಾಫಿಯನ್ನೂ ಬಾಳೆಲೆಯಲ್ಲಿ ಕಟ್ಟಿದ ತೆಂಗಿನಹಾಲಿನ ಅನ್ನವನ್ನೂ ಮಾರುತ್ತಿದ್ದ. ದಿನಾ ಮಧ್ಯಾಹ್ನ ಟೆಸೇರಾಗೆ ಒಂದು ಕಪ್ಪು ಪುಕ್ಕಟೆ. ಕಷ್ಟಕಾಲದಲ್ಲಿ ಕಾಗದ ಬರೆದುಕೊಟ್ಟವರು ಎಂಬ ಉಪಕಾರದ ನೆನಪು.

“ಇನ್ನೂ ಯೋಚನೆ ಮಾಡ್ತಾ ಇದೀರಾ ಸಾರ್? ನನಗೆ ಹಾಕಿದ್ರಲ್ಲ, ಅದೇ ಪದ ಹಾಕಿ!”

“ಯಾವ ಪದ?” ಎಂದರು ಟೆಸೇರಾ. ಅವರಿಗೆ ಗೊತ್ತಿತ್ತು.

“ಮಿಸ್ಕಂಡಕ್ಟ್!” ಲಾಜಿಮ್ ಎದೆಯುಬ್ಬಿಸಿ ಹೇಳಿದ. “ಆಫೀಸಲ್ಲಿ ಗುಮಾಸ್ತ ಜೋರಾಗಿ ಓದಿದ್ದ, ಇವತ್ತಿಗೂ ಕಿವಿಯಲ್ಲಿದೆ. ಎಷ್ಟು ಚಂದದ ಪದ! ಅಂಥ ಕಾಗದ ಕೊಟ್ಟರೂ ಕೆಲಸ ಹೋಯ್ತು, ಅದು ನನ್ನ ಹಣೆಬರಹ. ಮಗನಿಗಾದ್ರೂ ಕೈ ಹಿಡೀಲಿ.”

ಟೆಸೇರಾ ಕಾಫಿ ಕಪ್ಪನ್ನು ಮುಟ್ಟಲಿಲ್ಲ. ಅಂದು ಲಾಜಿಮ್ ಮಾಡಿದ್ದಿಷ್ಟೇ: ಒಂದು ರಿಜಿಸ್ಟರ್ ಕಾಗದವನ್ನು ಪಕ್ಕದ ಮನೆಗೆ ಕೊಟ್ಟಿದ್ದ. ‘ಮಿಸ್ಟೇಕ್’ ಎಂದು ಬರೆದಿದ್ದರೆ ಒಂದು ಬೈಗುಳದಲ್ಲಿ ಮುಗಿಯುತ್ತಿತ್ತು. ಆದರೆ ಆ ಪದ ಶಾಲೆಯ ಮಕ್ಕಳಿಗೂ ಗೊತ್ತು, ಅದಕ್ಕೆ ದುಡ್ಡು ಹೇಗೆ ಕೇಳುವುದು? ಪುಸ್ತಕದಲ್ಲಿ ಬೆರಳಾಡಿಸಿ, ಮೈಕೈ ತುಂಬಿಕೊಂಡ ಒಂದು ಪದ ಆರಿಸಿದ್ದರು. ದುರ್ನಡತೆ ಎಂದು ಇವನೇ ಕೈಯಾರೆ ಒಪ್ಪಿಕೊಂಡಿದ್ದಾನಲ್ಲ ಎಂದು ಮೇಲಿನವರು ಮುಂದೆ ಓದಲೇ ಇಲ್ಲ. ವಜಾ ಆದೇಶ ಓದಿಸಿಕೊಳ್ಳಲು ಲಾಜಿಮ್ ಇದೇ ಮೇಜಿಗೆ ಬಂದಿದ್ದ. ಟೆಸೇರಾ ಓದಿದರು, ಕಾರಣ ಬರೆದಿದ್ದ ಸಾಲನ್ನು ಮಾತ್ರ ನುಂಗಿಕೊಂಡರು. ಹೇಡಿತನಕ್ಕೆ ಅವರ ಪುಸ್ತಕದಲ್ಲಿ ಒಂದು ಇಡೀ ಪುಟವಿತ್ತು.

“ಟೈಪ್ ಮಾಡಿ ಸಾರ್, ಹೊತ್ತಾಗ್ತಿದೆ.”

“ಆ ಪದ ಬೇಡ, ಲಾಜಿಮ್.”

“ಯಾಕೆ? ನನ್ನ ಮಗ ಅಂದ್ರೆ ಸಣ್ಣ ಪದ ಸಾಕಾ?”

“ಅದು ಒಳ್ಳೆ ಪದ ಅಲ್ಲ. ಬೇಕಂತ ಕೆಟ್ಟದ್ದು ಮಾಡಿದವನಿಗೆ ಹಾಕೋ ಪದ.” ಟೆಸೇರಾ ಕಪ್ಪನ್ನು ಪಕ್ಕಕ್ಕೆ ಸರಿಸಿದರು. “ನಿನ್ನ ಕೆಲಸ ಹೋಗಿದ್ದು ಹಣೆಬರಹದಿಂದಲ್ಲ. ನಾನು ಬರೆದದ್ದರಿಂದ.”

ಲಾಜಿಮ್ ಮಗನ ಮುಖ ನೋಡಿದ, ಟೆಸೇರಾ ಮುಖ ನೋಡಿದ. ಗಾಡಿಯ ಹತ್ತಿರ ಯಾರೋ ಕಾಫಿಗೆ ಕೂಗುತ್ತಿದ್ದರು, ಅವನು ತಿರುಗಲಿಲ್ಲ.

“ಮೂರಕ್ಕೆ ಐದು ನಿಮಿಷ ಇದೆ,” ಎಂದ ಕೊನೆಗೆ. “ಮೊದಲು ಇವನದ್ದು ಬರೀರಿ.”

ಟೆಸೇರಾ ಪುಸ್ತಕವನ್ನು ಮುಚ್ಚಿ ಮೇಜಿನ ಕೆಳಗಿಟ್ಟರು. ನಡೆದದ್ದನ್ನು ನಡೆದ ಹಾಗೆ ಟೈಪ್ ಮಾಡಿದರು: ಮೂರು ರಾತ್ರಿ ಹಲ್ಲುನೋವಿತ್ತು. ಲವಂಗ ಕಚ್ಚಿ ಕೂತೆ. ನಿದ್ದೆ ಬಂತು. ಗೇಟು ಹಾಕಲಿಲ್ಲ. ಇನ್ನು ಹೀಗಾಗದಂತೆ ಇವತ್ತೇ ಆ ಹಲ್ಲು ಕೀಳಿಸುತ್ತೇನೆ. ನಡೆದದ್ದಕ್ಕೆ ಹೆಸರಿಡುವ ಕೆಲಸವನ್ನು ಸಾಹೇಬರಿಗೇ ಬಿಟ್ಟರು. ಲಾಜಿಮ್ ಒಂದೊಂದು ಪದದ ಮೇಲೂ ಬೆರಳಿಟ್ಟು “ಇದೇನು? ಇದೇನು?” ಎಂದು ಕೇಳಿದ. ಆರು ಸಾಲಿಗೆ ಇಪ್ಪತ್ತು ನಿಮಿಷ ಹಿಡಿಯಿತು. ಸಿದೆಕ್ ಹೆಬ್ಬೆಟ್ಟು ಒತ್ತಿ ಸ್ಟೇಷನ್ನಿಗೆ ಓಡಿದ.

ಇಬ್ಬರೂ ಕಾದರು. ಟೆಸೇರಾ ರಿಬ್ಬನ್ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು. ನಾಲ್ಕು ದಾಟಿ ಹತ್ತು ನಿಮಿಷಕ್ಕೆ ಸಿದೆಕ್ ಏದುಸಿರು ಬಿಡುತ್ತ ಬಂದ.

“ಸಾಹೇಬ್ರು ಓದಿ ನಕ್ಕುಬಿಟ್ರು ಅಪ್ಪಾ! ಹಲ್ಲು ಕೀಳಿಸಿ ನಾಳೆ ಗೇಟಿಗೆ ಬಾ ಅಂದ್ರು. ಒಂದು ವಾರದ ಸಂಬಳ ಕಟ್, ಅಷ್ಟೇ.”

ಟೆಸೇರಾಗೆ ಅಳು ಬಂತು. ತಡೆದುಕೊಂಡು, ಯಂತ್ರಕ್ಕೆ ಹೊಸ ಹಾಳೆ ತೂರಿಸಿದರು. “ಅಂಚೆ ಇಲಾಖೆಗೆ ಬರೀತೀನಿ, ಲಾಜಿಮ್. ಆ ಪದ ನಿನ್ನದಲ್ಲ, ನನ್ನದು ಅಂತ.”

“ನನಗೀಗ ಅರವತ್ತು. ಈ ಮಂಡಿ ಕಟ್ಟಿಕೊಂಡು ಸೈಕಲ್ ತುಳೀಲಾ?” ಲಾಜಿಮ್ ಬಗ್ಗಿ, ಮೇಜಿನ ಕೆಳಗಿದ್ದ ಪುಸ್ತಕವನ್ನು ಎತ್ತಿ ಟೆಸೇರಾ ಮುಂದಿಟ್ಟ. “ಇದರಲ್ಲಿ ಎಲ್ಲಾದಕ್ಕೂ ಪದ ಇದೆ ಅಂತಿದ್ರಿ. ನನಗೆ ನೀವು ಮಾಡಿದ್ದಕ್ಕೆ ಯಾವ ಪದ?”

ಟೆಸೇರಾ ಅದೇ ‘ಮಿಸ್ಟೇಕ್’ ಪುಟ ತೆರೆದರು. ಬೆರಳು ಮೊದಲ ಪದದಿಂದ ಕೊನೆಯ ಪದಕ್ಕೆ ಹೋಯಿತು, ಮತ್ತೆ ಮೇಲಕ್ಕೆ ಬಂತು.

ಲಾಜಿಮ್ ಆರಿಹೋದ ಕಾಫಿಯನ್ನು ಚರಂಡಿಗೆ ಚೆಲ್ಲಿ, ಕಪ್ಪು ತೆಗೆದುಕೊಂಡ.

“ಹುಡುಕಿಟ್ಟಿರಿ,” ಎಂದ. “ನಾಳೆ ಕಾಫಿ ತಂದಾಗ ಕೇಳ್ತೀನಿ.”