ಕಿವಿ ಗುರುತಿಲ್ಲದ ನೋಟ್ಸು

ಹೊಳಲ್ಕೆರೆ ಬಸ್ ಸ್ಟ್ಯಾಂಡಿನ ಎದುರಿನ ಪುಸ್ತಕದಂಗಡಿಗೆ ಕಾವ್ಯಶ್ರೀ ಹೋದದ್ದು ಒಂದು ಪೆನ್ನಿಗೆ. ಕಣ್ಣಿಗೆ ಬಿದ್ದದ್ದು ಹಳದಿ ರಟ್ಟಿನ ಒಂದು ಗೈಡು: ‘ಅಂತರ್ಜಲ, ಪ್ರಶ್ನೆ ಮತ್ತು ಉತ್ತರ’. ಪುಟ ತಿರುವಿದಳು. ಒಳಗಿದ್ದದ್ದೆಲ್ಲ ಅವಳದೇ ಮಾತು! ‘ಒಡೆದ ಹಿಮ್ಮಡಿಯ ಸಂದಿಯಲ್ಲಿ ಕೆಸರು ಕೂರುವಂತೆ ಬಂಡೆಯ ಬಿರುಕಿನಲ್ಲಿ ನೀರು ಕೂರುತ್ತದೆ’ ಎಂದು ಅವ್ವನ ಕಾಲು ನೋಡಿ ಬರೆದಿದ್ದಳು. ಅದೂ ಇತ್ತು. ಒಂದು ಕಡೆ ‘ಒರತೆ’ ಎನ್ನುವುದನ್ನು ಕೈತಪ್ಪಿ ‘ಒರೆತೆ’ ಎಂದು ಟೈಪು ಮಾಡಿದ್ದಳು. ಪುಣ್ಯಾತ್ಮರು ಆ ತಪ್ಪನ್ನೂ ಬಿಡದೆ ಎತ್ತಿಕೊಂಡಿದ್ದರು. ರಟ್ಟಿನ ಮೇಲೆ ಮಾತ್ರ ಬೇರೆ ಯಾರದೋ ಹೆಸರಿತ್ತು.

ಕಾವ್ಯಶ್ರೀ ವಿಶ್ವವಿದ್ಯಾಲಯವೊಂದರಲ್ಲಿ ಭೂಗರ್ಭಶಾಸ್ತ್ರದ ಅಧ್ಯಾಪಕಿ. ಇಂಗ್ಲಿಷ್ ಪುಸ್ತಕ ಕಂಡರೆ ಬೆವರುವ ಮಕ್ಕಳಿಗಾಗಿ ಐದು ವರ್ಷ ಕೂತು ಕನ್ನಡದಲ್ಲಿ ನೋಟ್ಸು ಮಾಡಿದ್ದಳು. ಗೂಗಲ್ ಡ್ರೈವ್‌ನಲ್ಲಿಟ್ಟು, ಲಿಂಕನ್ನು ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಹಾಕಿದ್ದಳು. ತನ್ನ ಹೆಸರನ್ನು ಎಲ್ಲೂ ಬರೆದಿರಲಿಲ್ಲ. ನೋಟ್ಸಿಗೆ ಯಾರಾದರೂ ಹೆಸರು ಹಾಕುತ್ತಾರೆಯೇ ಎಂಬ ಸಂಕೋಚ.

ಮೈಯೆಲ್ಲ ಉರಿದುಹೋಯಿತು. ಬಸ್ಸಿನಲ್ಲಿ ಕೂತವಳೇ ಡ್ರೈವ್‌ನಿಂದ ಎಲ್ಲ ನೋಟ್ಸನ್ನೂ ಅಳಿಸಿಹಾಕಿದಳು. ಪರೀಕ್ಷೆಗೆ ಹನ್ನೆರಡೇ ದಿನ ಇತ್ತು. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಳೆದರಂತೆ, ಹಾಗಾಯಿತು ಮಕ್ಕಳ ಪಾಡು.

ಮರುದಿನ ಭಾನುವಾರ. ಕಾವ್ಯಶ್ರೀ ತಾಳ್ಯದ ಹತ್ತಿರದ ತಮ್ಮ ಹಟ್ಟಿಯಲ್ಲಿದ್ದಳು. ಜಗುಲಿಯ ಮುಂದೆ ಅವಳ ಅಪ್ಪ ಕಾಟಲಿಂಗಪ್ಪ ಕುರಿಮರಿಗಳನ್ನು ಒಂದೊಂದಾಗಿ ಹಿಡಿದು ಕಿವಿಗೆ ಮನೆಯ ಗುರುತು ಕತ್ತರಿಸುತ್ತಿದ್ದ. ಆಗ ಸುಷ್ಮಿತಾ ಎಂಬ ವಿದ್ಯಾರ್ಥಿನಿಯ ಫೋನು ಬಂತು.

“ಮೇಡಮ್, ನೋಟ್ಸು ಯಾಕೆ ತೆಗೆದ್ರಿ? ನಾವೆಲ್ಲಾ ಅದನ್ನೇ ನಂಬ್ಕಂಡಿದ್ವಿ. ಗೈಡ್ ನೋಡಿದ್ರೆ ನೋಟ್ಸಿನಾಗಿರೋ ಬಾವಿ ಚಿತ್ರ ಬರೀ ಮಸಿ ಬಂದೈತೆ. ಏನ್ ಓದಾಣ ಮೇಡಮ್?”

ಆಮೇಲೆ ಮಾತಾಡುತ್ತೇನೆ ಎಂದು ಕಾವ್ಯಶ್ರೀ ಫೋನಿಟ್ಟಳು.

ಅಷ್ಟರಲ್ಲಿ ಚಿಕ್ಕಜಾಜೂರಿನಿಂದ ಬೈಕಿನಲ್ಲಿ ನಾಗರಾಜ್ ಬಂದರು. ಅವರು ವಿಶ್ವವಿದ್ಯಾಲಯದ ಗ್ರಂಥಪಾಲಕರು. ಗೈಡಿನವರ ಮೇಲೆ ದೂರು ಕೊಡುವುದು ಹೇಗೆಂದು ಕೇಳಲು ಅವಳೇ ಕರೆಸಿದ್ದಳು.

“ಬರ್ರಿ ಸಾರ್, ಕುಂತ್ಕಳ್ರಿ. ನಾನು ನೋಟ್ಸು ರಿಜಿಸ್ಟರ್ ಮಾಡ್ಸಿಲ್ಲ. ನಂದು ಅನ್ನಾಕೆ ಏನೈತೆ ನನ್ಹತ್ರ?”

“ಬರೆದ ಗಳಿಗೆಯಿಂದ್ಲೇ ಕೃತಿಸ್ವಾಮ್ಯ ಹುಟ್ಟುತ್ತೆ ಮೇಡಮ್. ರಿಜಿಸ್ಟರ್ ಮಾಡ್ಸಿದ್ರೆ ಸಾಕ್ಷಿಗೆ ಒಳ್ಳೇದು, ಕಡ್ಡಾಯ ಅಲ್ಲ. ಆದ್ರೆ ನೀವು ಸಂಬಳಕ್ಕಿರೋರು. ಕೆಲಸದ ಭಾಗವಾಗಿ ಬರೆದದ್ದು, ಬೇರೆ ಒಪ್ಪಂದ ಇಲ್ದಿದ್ರೆ, ಸಂಸ್ಥೆಗೂ ಸೇರಬಹುದು. ಬಾಳ ಕಡೆ ಪಾಠದ ನೋಟ್ಸು ಮೇಷ್ಟ್ರಿಗೇ ಬಿಡ್ತಾರೆ. ಒಂದೊಂದು ಕಡೆ ಒಂದೊಂದು ನಿಯಮ. ನಮ್ಮ ನಿಯಮ ಓದಿದೀರಾ?”

“ಎಲ್ಲೈತೆ ಅದು?”

“ಲೈಬ್ರರಿ ವೆಬ್‌ಸೈಟ್‌ನಾಗೆ. ಮೂರು ವರ್ಷದಿಂದ ಐತೆ. ಓದಿದೋನು ನಾನೊಬ್ನೇ!” ನಾಗರಾಜ್ ನಕ್ಕರು. “ನೋಟ್ಸಿನ ಹಕ್ಕು ಬರೆದೋರಿಗೆ, ಪಾಠಕ್ಕೆ ಬಳಸೋ ಹಕ್ಕು ವಿಶ್ವವಿದ್ಯಾಲಯಕ್ಕೂ ಅಂತ ಬರೆದೈತೆ.”

“ನಂದೇ ಅಂದ್ಮೇಲೆ ಬೀಗ ಹಾಕಿಡ್ತೀನಿ ಬಿಡ್ರಿ. ಇನ್ನ ಯಾರಿಗೂ ಕೊಡಲ್ಲ.”

ಕಾಟಲಿಂಗಪ್ಪ ಮರಿಯ ಮೇಲಿನ ಕಣ್ಣು ತೆಗೆಯದೆಯೇ ಮಾತಾಡಿದ. “ನೆಗಡಿ ಬಂತು ಅಂತ ಮೂಗು ಕೊಯ್ಕಂಡಂಗಾತು. ಕಳ್ಳ ಬಂದ ಅಂತ ಕುರೀನ ಮನೇಲೇ ಕೂಡಿ ಹಾಕಿದ್ರೆ ಬದುಕ್ತಾವೇನವ್ವಾ? ರಾತ್ರಿ ಬ್ಯಾರೇರ ಹೊಲದಾಗೆ ಕುರಿ ಮಂದೆ ನಿಲ್ಲಿಸ್ತೀವಿ. ಗೊಬ್ಬರ ಹೊಲದೋರಿಗೆ, ಕುರಿ ನಮಗೆ. ಬೆಳಗಾದ ಮ್ಯಾಲೆ ಹೊಲದೋನು ಕುರೀನೂ ನಂದೇ ಅಂತಾನಾ? ಅನ್ನಲ್ಲ. ಯಾಕಂದ್ರೆ ಕಿವೀಲಿ ಗುರುತೈತೆ. ನೀನು ಗುರುತು ಹಾಕ್ದೆ ಬಿಟ್ಟೀಯ.”

“ಯಜಮಾನ್ರೇ, ನಾನು ಎರಡು ದಿನ ಕಾರ್ಯಾಗಾರ ಮಾಡಿ ಹೇಳಿದ್ದು ಇದನ್ನೇ,” ಎಂದರು ನಾಗರಾಜ್. “ಮುಕ್ತ ಪರವಾನಗಿ ಅಂತೈತೆ ಮೇಡಮ್. ಮೊದಲ್ನೇ ಪುಟದಾಗೆ ಹೆಸರು, ಇಸವಿ ಹಾಕ್ರಿ. ಕೆಳಗೆ ಷರತ್ತು ಬರೀರಿ: ಯಾರಾದ್ರೂ ಓದಬಹುದು, ಹಂಚಬಹುದು, ಬರೆದೋರ ಹೆಸರು ಹೇಳ್ಬೇಕು, ಮಾರೋ ಹಂಗಿಲ್ಲ. ಒಂದು ಪ್ರತಿ ಲೈಬ್ರರಿಯ ಭಂಡಾರದಾಗೆ ತಾರೀಖಿನ ಸಮೇತ ಇಡ್ತೀನಿ. ನಿಮ್ಮ ಹಳೇ ಫೈಲಿನ ತಾರೀಖು ಇಟ್ಕಂಡು ಗೈಡಿನೋರಿಗೆ ಕಾಗದ ಬರೆಯಾಣ.”

ಮಾತು ಅವಳಿಗೆ ನಾಟಿತು. ಒಳಗೆ ಹೋಗಿ ಲ್ಯಾಪ್‌ಟಾಪ್ ತಂದು ಜಗುಲಿಯ ಮೇಲಿಟ್ಟು ಹೆಸರು ಟೈಪು ಮಾಡಲು ಕೂತಳು.

“ತಡಿ,” ಎಂದ ಕಾಟಲಿಂಗಪ್ಪ. “ಗುರುತು ಹಾಕಾಕೆ ಮುಂಚೆ ಪೂರ್ತಿ ನೋಡ್ಕ. ಬ್ಯಾರೇರ ಮರಿ ಸೇರ್ಕಂಡಿರ್ತವೆ. ಅದ್ರ ಕಿವಿಗೆ ನಮ್ಮ ಕತ್ತರಿ ಬೀಳಬಾರ್ದು.”

“ಎಲ್ಲಾ ನಂದೇ ಅಪ್ಪಾ.”

ಹಾಗೆಂದು ನಗುತ್ತಲೇ ಪುಟ ಸರಿಸಿದಳು. ಹದಿನಾಲ್ಕನೇ ಪುಟಕ್ಕೆ ಬೆರಳು ನಿಂತಿತು. ತೆರೆದ ಬಾವಿಯ ಚಿತ್ರ. ಮೇಲೆ ಮಣ್ಣು, ಕೆಳಗೆ ಶಿಥಿಲವಾದ ಕಲ್ಲು, ಅದರ ಕೆಳಗೆ ಗಟ್ಟಿ ಬಂಡೆ, ಬಿರುಕಿನಿಂದ ಜಿನುಗುವ ನೀರು. ನಾಲ್ಕು ವರ್ಷದ ಹಿಂದೆ ಹಿರಿಯೂರು ಕಡೆಯ ಜುಂಜೇಶ್ ಎಂಬ ವಿದ್ಯಾರ್ಥಿ ಬರೆದು ತಂದಿದ್ದ. ಚೆನ್ನಾಗಿದೆ ಎಂದು ಫೋಟೊ ತೆಗೆದು ನೋಟ್ಸಿಗೆ ಅಂಟಿಸಿಕೊಂಡಿದ್ದಳು. ಅವನನ್ನು ಕೇಳಿರಲಿಲ್ಲ, ಅವನ ಹೆಸರೂ ಹಾಕಿರಲಿಲ್ಲ. ನಿನ್ನೆಯಿಂದ ಗೈಡಿನವರಿಗೆ ಹಾಕಿದ ಶಾಪವೆಲ್ಲ ಈಗ ಅವಳನ್ನೇ ನೋಡತೊಡಗಿತು.

“ಇದು ನಂದಲ್ಲ,” ಎಂದಳು.

“ಯಾರ್ದೋ ಅವ್ರನ್ನ ಕೇಳು,” ಎಂದ ಅಪ್ಪ.

ಫೋನಿನಲ್ಲಿ ಜುಂಜೇಶನ ಹಿಂದೆ ಬೋರ್‌ವೆಲ್ ಲಾರಿಯ ಸದ್ದಿತ್ತು. “ಜುಂಜೇಶ್, ನಿನ್ನ ಬಾವಿ ಚಿತ್ರ ನಿನ್ನ ಕೇಳ್ದೆ ಹಾಕ್ಕಂಡೀನಿ. ಹೆಸರೂ ಹಾಕ್ಲಿಲ್ಲ. ತಪ್ಪಾತಪ್ಪ. ಈಗ ಹೆಸರು ಹಾಕಿ ಇಟ್ಕಳ್ಳಲಾ, ತೆಗೀಲಾ?”

ಜುಂಜೇಶ್ ಲಾರಿಯ ಸದ್ದಿನಿಂದ ದೂರ ಸರಿದು ಮಾತಾಡಿದ.

“ನಂಗೊತ್ತಿತ್ತು ಮೇಡಮ್. ನನ್ನ ತಂಗಿ ಸುಷ್ಮಿತಾ ನಿಮ್ಮ ಕ್ಲಾಸ್ನಾಗೇ ಅದಾಳೆ. ಇದು ನಮ್ಮಣ್ಣ ಬರೆದ ಚಿತ್ರ ಅಂದಿದ್ಕೆ ಗೆಳತೇರು ನಕ್ರಂತೆ. ಹಂಗಾದ್ರೆ ಹೆಸರೆಲ್ಲೈತೆ ಅಂದ್ರಂತೆ. ಹೆಸರು ಹಾಕ್ರಿ ಮೇಡಮ್,” ಎಂದ.

ಸಂಜೆಯ ಹೊತ್ತಿಗೆ ನೋಟ್ಸು ಗುಂಪಿಗೆ ವಾಪಸ್ಸು ಬಂತು. ಮೊದಲ ಪುಟದಲ್ಲಿ ಕಾವ್ಯಶ್ರೀಯ ಹೆಸರು ಮತ್ತು ಷರತ್ತು. ಹದಿನಾಲ್ಕನೇ ಪುಟದಲ್ಲಿ ಹೀಗಿತ್ತು: ‘ಚಿತ್ರ: ಜುಂಜೇಶ್. ಮನೆಯ ಬಾವಿಗೆ ಇಳಿದು ನೋಡಿ ಬರೆದದ್ದು.’ ಸುಷ್ಮಿತಾ ಆ ಪುಟವೊಂದನ್ನೇ ಮತ್ತೆ ಗುಂಪಿಗೆ ಹಾಕಿದಳು. ಅಣ್ಣನ ಹೆಸರಿನ ಸುತ್ತ ಕೆಂಪು ಗೆರೆ ಎಳೆದಿದ್ದಳು. ಗೈಡಿನವರಿಗೆ ಕಾಗದ ಹೋಗಿದೆ, ಉತ್ತರ ಇನ್ನೂ ಬಂದಿಲ್ಲ.

ಪಾಠ ಹೇಳುವವರೇ, ನಿಮ್ಮ ನೋಟ್ಸಿಗೆ ನಿಮ್ಮ ಹೆಸರು ಹಾಕಿ, ಸಂಕೋಚ ಬೇಡ. ಯಾರು ಹೇಗೆ ಬಳಸಬಹುದೆಂದು ಒಂದು ಸಾಲು ಬರೆಯಿರಿ. ನಿಮ್ಮ ವಿಶ್ವವಿದ್ಯಾಲಯದ ನಿಯಮ ಏನೆಂದು ಕೇಳಿ ತಿಳಿದುಕೊಳ್ಳಿ. ಆಮೇಲೆ ಕೈಬಿಚ್ಚಿ ಹಂಚಿ, ಓದುವ ಮಕ್ಕಳು ಕಾಯುತ್ತಿದ್ದಾರೆ. ಅದಕ್ಕೂ ಮೊದಲು ಹಳೆಯ ನೋಟ್ಸನ್ನು ಒಮ್ಮೆ ಪೂರ್ತಿ ತಿರುವಿ ನೋಡಿ. ಬೇರೆಯವರ ಮರಿ ಸೇರಿಕೊಂಡಿದ್ದರೆ, ಇವತ್ತೇ ಅವರಿಗೊಂದು ಫೋನು ಮಾಡಿ.