ಅತ್ತಿಗೆಯ ಮಂಡಿಗೆ ಇಸ್ತ್ರಿ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಒಬ್ಬರ ಮಂಡಿಯ ಬಗ್ಗೆ ಇನ್ನೊಬ್ಬರು ಕತೆ ಬರೆಯುವುದು ಅಷ್ಟೇನೂ ಮರ್ಯಾದೆಯ ಕೆಲಸವಲ್ಲ. ನಾನು ಓದಿದ್ದು ಸಂಜೆ ತರಗತಿಯಲ್ಲಿ, ಅದೂ ವಾಣಿಜ್ಯ. ಮೂಳೆ, ಕೀಲುಗಳ ವಿಷಯದಲ್ಲಿ ಇಲ್ಲಿ ಏನಾದರೂ ತಪ್ಪು ನುಸುಳಿದ್ದರೆ ಅದು ನಾನು ಕೇಳಿಸಿಕೊಂಡದ್ದರ ತಪ್ಪು, ಡಾಕ್ಟರದ್ದಲ್ಲ. ಮಂಡಿಯ ಒಡತಿಯನ್ನು ಕೇಳಿದ್ದೇನೆ. "ಬರಿ ಪಂಡಿತಮ್ಮ, ಬರಿ. ನನ್ನ ಬಿಟ್ರೆ ನಿನಗೆ ಬರೆಯೋದಕ್ಕೆ ಇನ್ಯಾರು ಸಿಗ್ತಾರೆ?" ಎಂದಿದ್ದಾರೆ. ಅದನ್ನೇ ಒಪ್ಪಿಗೆ ಎಂದು ತಿಳಿದುಕೊಂಡಿದ್ದೇನೆ.

ಒಡತಿ ಎಂದರೆ ನನ್ನ ಅತ್ತಿಗೆ, ಅಣ್ಣನ ಹೆಂಡತಿ. ನಮ್ಮದು ಇಸ್ತ್ರಿ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಕಡಿದಾದ ಮೆಟ್ಟಿಲು. ಅಣ್ಣ ಗಾಡಿಯಲ್ಲಿ ಬಟ್ಟೆ ತರುತ್ತಾನೆ, ತಲುಪಿಸುತ್ತಾನೆ. ನಾನು ಗುರುತಿನ ಚೀಟಿ ಸಿಕ್ಕಿಸುತ್ತೇನೆ, ಮಡಚಿ ಕಟ್ಟುತ್ತೇನೆ, ಗಿರಾಕಿಗಳ ಬೈಗುಳ ಕೇಳಿಸಿಕೊಳ್ಳುತ್ತೇನೆ. ಇಸ್ತ್ರಿ ಮಾತ್ರ ಅತ್ತಿಗೆಯದು. ಕಿಟಕಿಯ ಪಕ್ಕದ ಎತ್ತರದ ಮೇಜು ಅವರ ರಾಜ್ಯ. ಅಣ್ಣ ಒಮ್ಮೆ ಅಲ್ಲಿ ಟೀ ಲೋಟ ಇಟ್ಟು, ಆಮೇಲೆ ಎರಡು ದಿನ ಮಾತಿಗೆ ಉತ್ತರ ಸಿಗದೆ ಪರದಾಡಿದ್ದ. ಸುಕ್ಕಿರುವ ಯಾವುದೂ ಅಂಗಡಿಯ ಹೊಸ್ತಿಲು ದಾಟಬಾರದು ಎಂಬುದು ಅತ್ತಿಗೆಯ ಕಾನೂನು. ಅವಸರದ ಗಿರಾಕಿ "ಪರವಾಗಿಲ್ಲ, ಕೊಡಿ" ಎಂದು ಕೈಚಾಚಿದರೂ ಅವರು ಅಂಗಿ ಬಿಡುವುದಿಲ್ಲ. "ನಿಮಗೆ ಪರವಾಗಿಲ್ಲ ಅನ್ನಿಸಬಹುದು, ನನಗೆ ಪರವಾಗುತ್ತೆ" ಎನ್ನುತ್ತಾರೆ.

ಇಂಥವರ ಎಡ ಮಂಡಿ ನೋಯಲು ಶುರುವಾಯಿತು. ಬೆಳಿಗ್ಗೆ ಎದ್ದಾಗ ಸ್ವಲ್ಪ ಹೊತ್ತು ಬಿಗಿ. ಸಂಜೆಯ ಹೊತ್ತಿಗೆ ಒಳಗಿನಿಂದ ಹಿಂಡುವ ನೋವು. ಮೆಟ್ಟಿಲು ಇಳಿಯುವಾಗ ಪಕ್ಕಕ್ಕೆ ತಿರುಗಿ, ಗೋಡೆ ಹಿಡಿದು, ಒಂದೊಂದೇ ಕಾಲು ಕೆಳಗಿಡುತ್ತಿದ್ದರು. ಕೂತು ಏಳುವಾಗ ಕರಕರ ಶಬ್ದ ನನಗೂ ಕೇಳಿಸುತ್ತಿತ್ತು.

"ಅತ್ತಿಗೆ, ಡಾಕ್ಟರ ಹತ್ರ ಹೋಗೋಣ."

"ಯಾಕೆ? ನಿನಗೇನಾಯ್ತು?"

"ನನಗಲ್ಲ, ನಿಮ್ಮ ಮಂಡಿಗೆ."

"ನನ್ನ ಮಂಡಿ ನಿನ್ನ ಹತ್ರ ಬಂದು ದೂರು ಹೇಳ್ತಾ?"

ಅಣ್ಣ ದನಿಗೂಡಿಸಿದ. "ಹೇಳುತ್ತಲ್ಲ! ಕರಕರ ಅಂತ ಇಡೀ ಬೀದಿಗೇ ಹೇಳುತ್ತೆ. ನೀನು ಎದ್ದಾಗ ಎದುರು ಮನೆಯವರು ಗೇಟ್ ತೆಗೆದ್ರು ಅಂದ್ಕೊಂಡೆ."

ಅತ್ತಿಗೆ ನಗಲಿಲ್ಲ. ಆ ದಿನ ಅಂಗಡಿ ಮುಚ್ಚುವಾಗ ನನ್ನೊಬ್ಬಳಿಗೇ ಕೇಳುವಂತೆ ಹೇಳಿದರು. "ಡಾಕ್ಟ್ರು ಇನ್ನು ನಿಲ್ಲಬೇಡಿ ಅಂದುಬಿಟ್ರೆ ಏನೇ ಮಾಡ್ಲಿ? ಈ ಮೇಜು ಬಿಟ್ರೆ ನಾನು ಯಾರು?" ಅಂದಿನಿಂದ ನನಗೂ ಅದೇ ಹೆದರಿಕೆ ಅಂಟಿಕೊಂಡಿತು. ಹೋಗದಿದ್ದರೆ ಮಂಡಿ ಕೆಡುತ್ತದೆ, ಹೋದರೆ ಮೇಜು ಹೋಗುತ್ತದೆ. ನಾನು ಹೇಳುತ್ತಿರುವುದು ಸರಿಯೋ ತಪ್ಪೋ ಎಂದು ಯೋಚಿಸುತ್ತಲೇ ದಿನವೂ ಹೇಳುತ್ತಿದ್ದೆ.

ಈ ನಡುವೆ ಅತ್ತಿಗೆ ಎರಡು ಚಿಕಿತ್ಸೆಗಳನ್ನು ತಾವೇ ಕಂಡುಕೊಂಡಿದ್ದರು. ಒಂದು, ಅಣ್ಣನ ಬೆನ್ನುನೋವಿಗೆ ಯಾವಾಗಲೋ ಕೊಟ್ಟಿದ್ದ ಮಾತ್ರೆ. ಇನ್ನೊಂದು ನಮ್ಮ ಅಂಗಡಿಯವರಿಗೆ ಮಾತ್ರ ಹೊಳೆಯಬಹುದಾದದ್ದು. ಕೆಲಸ ಮುಗಿದು ಇಸ್ತ್ರಿ ಪೆಟ್ಟಿಗೆಯ ಸ್ವಿಚ್ ಆರಿಸಿದ ಮೇಲೆ ಅದರಲ್ಲಿ ಉಳಿಯುವ ಕಾವು ದಂಡವಾಗಬಾರದಲ್ಲ? ಮಂಡಿಯ ಮೇಲೆ ಒದ್ದೆ ಟವೆಲ್ ಮಡಚಿ ಹಾಕಿ, ಅದರ ಮೇಲೆ ಪೆಟ್ಟಿಗೆಯನ್ನು ಮೆಲ್ಲಗೆ ಆಡಿಸುತ್ತಿದ್ದರು. ಹಬೆ ಏಳುತ್ತಿತ್ತು. ಅತ್ತಿಗೆ ಕಣ್ಣು ಮುಚ್ಚಿ "ಹಾ" ಎನ್ನುತ್ತಿದ್ದರು. ನಾನು ಪಕ್ಕದಲ್ಲೇ ತಣ್ಣೀರಿನ ಚೊಂಬು ಹಿಡಿದು ನಿಂತಿರುತ್ತಿದ್ದೆ.

ಕೊನೆಗೆ ಒಂದು ಬೆಳಿಗ್ಗೆ ಮೆಟ್ಟಿಲಿನ ನಡುವೆಯೇ ಕಾಲು ಸೋತು ಕೂತುಬಿಟ್ಟರು. ಅಣ್ಣ ಹೋಗಿ ಎಬ್ಬಿಸಿದ. ಆಗ ಒಪ್ಪಿದರು.

ಒಪ್ಪಿದ್ದೇನೋ ಹೌದು, ಆದರೆ ಡಾಕ್ಟರ ಬಳಿ ಹೋಗುವ ದಿನ ಅವರು ತಯಾರಾದ ರೀತಿ ನೋಡಬೇಕಿತ್ತು. ಹಿಂದಿನ ದಿನ ಕೆಲಸಕ್ಕೆ ರಜೆ. ಬೆಳಿಗ್ಗೆ ಎರಡು ಸಲ ಮಂಡಿಗೆ ಕಾವು. ಹೊರಡುವ ಮೊದಲು ಅಣ್ಣನ ಮಾತ್ರೆ. ಆಸ್ಪತ್ರೆಯ ಬಾಗಿಲವರೆಗೂ ಆಟೋ. ಸುಕ್ಕಿದ್ದರೆ ಅಂಗಿಯನ್ನೇ ಹೊರಗೆ ಕಳಿಸದವರು ತಾವು ಸುಕ್ಕಾಗಿ ಹೊರಡುತ್ತಾರೆಯೇ? ಡಾಕ್ಟರ ಕೋಣೆಯೊಳಗೆ ಅತ್ತಿಗೆ ಮದುವಣಗಿತ್ತಿಯಂತೆ ನಡೆದುಹೋದರು. ಹಿಂದೆ ಗಾಬರಿಯಿಂದ ತಡವರಿಸುತ್ತ ಹೋದ ನನ್ನನ್ನೇ ರೋಗಿ ಎಂದುಕೊಂಡು ಡಾಕ್ಟರು ಕುರ್ಚಿ ತೋರಿಸಿದರು.

ಅವರು ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮಾತು ಮೆದು. "ಹೇಳಿ, ಏನು ತೊಂದರೆ?"

"ಏನಿಲ್ಲ ಡಾಕ್ಟ್ರೇ, ಒಂಚೂರು ಮಂಡಿ. ಇವಳು ಪ್ರಾಣ ತಿಂದ್ಲು ಅಂತ ಬಂದೆ."

"ಸೊನ್ನೆಯಿಂದ ಹತ್ತರವರೆಗೆ ಹೇಳೋದಾದ್ರೆ ನೋವು ಎಷ್ಟಿದೆ?"

ಅತ್ತಿಗೆ ಚೌಕಾಸಿಗೆ ಇಳಿದವರಂತೆ ಯೋಚಿಸಿದರು. "ಒಂದು ಅಂತ ಇಟ್ಕೊಳ್ಳಿ. ಬೇಕಾದ್ರೆ ಒಂದೂವರೆ."

ನಾನು ಬಾಯಿ ತೆರೆದೆ. ಮೇಜಿನ ಕೆಳಗೆ ಅತ್ತಿಗೆಯ ಚಪ್ಪಲಿ ನನ್ನ ಕಾಲಿನ ಮೇಲೆ ಬಂದು ಕೂತಿತು. ಬಾಯಿ ಮುಚ್ಚಿದೆ.

ಡಾಕ್ಟರು ನಡೆಸಿ ನೋಡಿದರು. ಕುಂಟಿಲ್ಲ. ಮಂಡಿ ನೋಡಲು ಬಟ್ಟೆ ಸರಿಸಿದಾಗ ಮಾತ್ರ ಅವರ ಹುಬ್ಬು ಮೇಲೇರಿತು. ಮಂಡಿಯ ಸುತ್ತ ಚರ್ಮದ ಮೇಲೆ ಕಂದು ಬಣ್ಣದ ಬಲೆ ಬಿಡಿಸಿದಂತಿತ್ತು.

"ಇದೇನಿದು?"

"ಅದಾ? ಹುಟ್ಟು ಮಚ್ಚೆ" ಎಂದರು ಅತ್ತಿಗೆ, ರೆಪ್ಪೆ ಕೂಡ ಮಿಟುಕಿಸದೆ.

"ಇಷ್ಟು ದೊಡ್ಡದಾ?"

"ನಮ್ಮ ಮನೇಲಿ ಎಲ್ಲರಿಗೂ ಎಲ್ಲ ಸ್ವಲ್ಪ ದೊಡ್ಡದೇ."

ಡಾಕ್ಟರಿಗೆ ನಂಬಿಕೆ ಬರಲಿಲ್ಲ. ಮಂಡಿಯ ನೋವು ಒಂದೂವರೆ, ನಡಿಗೆ ಸಲೀಸು. ಚಿಂತೆ ಮಾಡಬೇಕಾದ್ದು ಈ ಗುರುತೇ ಎಂದುಕೊಂಡು ನಮ್ಮನ್ನು ಚರ್ಮದ ಡಾಕ್ಟರ ಬಳಿ ಕಳಿಸಿದರು. ಹೊರಗೆ ಬಂದ ಮೇಲೆ ಅತ್ತಿಗೆ ಗೆದ್ದವರ ಹಾಗೆ ನನ್ನತ್ತ ನೋಡಿದರು. "ನೋಡಿದ್ಯಾ? ಮಂಡಿಗೆ ಏನೂ ಆಗಿಲ್ಲ. ನಿಲ್ಲಬೇಡಿ ಅನ್ನಲಿಲ್ಲ." ಮಾತ್ರೆಯ ಬಲ ಇಳಿದ ಮೇಲೆ ಅದೇ ಸಂಜೆ ಮೆಟ್ಟಿಲು ಹತ್ತಲು ಅಣ್ಣನ ಹೆಗಲು ಬೇಕಾಯಿತು.

ಚರ್ಮದ ಡಾಕ್ಟರು ವಯಸ್ಸಾದವರು. ಕನ್ನಡಕ ಹಣೆಗೇರಿಸಿ ಮಂಡಿಯ ಮೇಲೆ ಬಗ್ಗಿದರು.

"ಬಿಸಿನೀರಿನ ಚೀಲ ಇಟ್ಕೊಳ್ಳೋ ಅಭ್ಯಾಸ ಇದೆಯಾ ತಾಯಿ?"

"ಇಲ್ಲಪ್ಪ."

"ಒಲೆ ಮುಂದೆ, ಹೀಟರ್ ಮುಂದೆ ಕೂರ್ತೀರಾ?"

"ಕೂರೋದಕ್ಕೆ ಪುರುಸೊತ್ತೆಲ್ಲಿ?"

"ಏನು ಕೆಲಸ ಮಾಡ್ತೀರಿ?"

"ಇಸ್ತ್ರಿ ಅಂಗಡಿ."

ಡಾಕ್ಟರು ಕನ್ನಡಕ ಕೆಳಗಿಳಿಸಿದರು. ಅತ್ತಿಗೆಯ ಮುಖ ನೋಡಿದರು, ಮಂಡಿ ನೋಡಿದರು, ಮತ್ತೆ ಮುಖ ನೋಡಿದರು. "ತಾಯಿ, ನಿಜ ಹೇಳಿ. ಮಂಡಿಗೂ ಇಸ್ತ್ರಿ ಮಾಡ್ತೀರಾ?"

ಅತ್ತಿಗೆಗೆ ಅವಮಾನವಾದದ್ದು ಸಿಕ್ಕಿಬಿದ್ದದ್ದಕ್ಕಲ್ಲ. "ನಾನೇನು ಹೊಸಬಳಾ?" ಎಂದು ಸಿಡುಕಿದರು. "ಟವೆಲ್ ಹಾಕದೆ ಯಾವುದರ ಮೇಲೂ ಪೆಟ್ಟಿಗೆ ಇಡೋದಿಲ್ಲ. ಅದೂ ಒದ್ದೆ ಟವೆಲ್."

ಡಾಕ್ಟರು ನಕ್ಕ ನಗುವಿಗೆ ಹೊರಗೆ ಕಾಯುತ್ತಿದ್ದವರು ಇಣುಕಿ ನೋಡಿದರು. ನಗು ಮುಗಿದ ಮೇಲೆ ಗಂಭೀರವಾಗಿಯೇ ಹೇಳಿದರು. ದಿನವೂ ಒಂದೇ ಜಾಗಕ್ಕೆ ಜೋರು ಕಾವು ಕೊಟ್ಟರೆ ಚರ್ಮದ ಮೇಲೆ ಹೀಗೆ ಬಲೆ ಮೂಡುತ್ತದಂತೆ. ಇನ್ನು ಪೆಟ್ಟಿಗೆ ಮಂಡಿಯ ಹತ್ತಿರ ಬರಕೂಡದು. ನಿಲ್ಲಿಸಿದರೆ ಗುರುತು ನಿಧಾನಕ್ಕೆ ತಿಳಿಯಾಗಬಹುದು, ಆಗದಿದ್ದರೆ ಮತ್ತೆ ಬಂದು ತೋರಿಸಬೇಕು. "ಆದ್ರೆ ಒಂದು ಮಾತು" ಎಂದರು, ಮಂಡಿ ಡಾಕ್ಟರು ಬರೆದು ಕಳಿಸಿದ್ದ ಚೀಟಿ ನೋಡುತ್ತ. "ಒಂದೂವರೆ ನೋವಿಗೆ ಯಾರೂ ಇಸ್ತ್ರಿ ಪೆಟ್ಟಿಗೆ ಎತ್ಕೊಳ್ಳಲ್ಲ. ನಿಮ್ಮ ಚರ್ಮ ನಿಮಗಿಂತ ನಿಜ ಹೇಳ್ತಿದೆ. ವಾಪಸ್ ಆ ಹುಡುಗಿ ಹತ್ರಾನೇ ಹೋಗಿ."

ಬಸ್ಸಿಗೆ ಕಾಯುತ್ತ ನಿಂತೆವು. ನಾನು ಧೈರ್ಯ ತಂದುಕೊಂಡೆ. "ಅತ್ತಿಗೆ, ಗಿರಾಕಿ ತಾನೇ ಅಂಗಿಗೆ ಇಸ್ತ್ರಿ ಮಾಡಿ ತಂದು, ಸುಕ್ಕು ತೆಗೀರಿ ಅಂದ್ರೆ ನೀವೇನು ಮಾಡ್ತೀರಿ?"

"ಉಗಿದು ಕಳಿಸ್ತೀನಿ."

"ಆ ಮಂಡಿ ಡಾಕ್ಟ್ರು ಪಾಪ, ಉಗಿಯಲಿಲ್ಲ."

ಅತ್ತಿಗೆ ನನ್ನ ತಲೆಯ ಮೇಲೊಂದು ಮೊಟಕಿದರು. "ಸಂಜೆ ಕ್ಲಾಸಲ್ಲಿ ಇದನ್ನೇನೇ ಹೇಳಿಕೊಟ್ಟಿದ್ದು?" ಎಂದರೂ, "ಸರಿ, ನಾಳೆ ಕೆಲಸ ಮುಗಿಸ್ಕೊಂಡು ಹಾಗೇ ಹೋಗೋಣ" ಎಂದರು.

ಹಾಗೆಯೇ ಹೋದೆವು. ಮಾತ್ರೆ ಇಲ್ಲ, ಕಾವು ಇಲ್ಲ, ಆಟೋ ಇಲ್ಲ. ಇಡೀ ದಿನ ನಿಂತ ಕಾಲನ್ನು ಎಳೆದುಕೊಂಡು, ಬೆವರಿಗೆ ಅಂಟಿದ ಕೂದಲಲ್ಲೇ ಅತ್ತಿಗೆ ಡಾಕ್ಟರ ಕೋಣೆ ಹೊಕ್ಕರು. ಡಾಕ್ಟರು ತಾವಾಗಿಯೇ ಎದ್ದು ಕೈ ಹಿಡಿದು ಕೂರಿಸಿದರು.

"ಇವತ್ತು ಎಷ್ಟು?"

"ಏಳು" ಎಂದರು ಅತ್ತಿಗೆ, ನೆಲ ನೋಡುತ್ತ. "ಮೆಟ್ಟಿಲು ಇಳಿಯೋವಾಗ ಒಂಬತ್ತು."

"ಮತ್ತೆ ಆವತ್ತು?"

"ಆವತ್ತು ಮಾತ್ರೆ ನುಂಗಿದ್ದೆ."

"ಯಾರು ಕೊಟ್ಟಿದ್ದು?"

"ನಮ್ಮ ಯಜಮಾನ್ರ ಬೆನ್ನಿಗೆ ಕೊಟ್ಟಿದ್ರು."

"ಅವರ ಬೆನ್ನಿಗೆ ಕೊಟ್ಟಿದ್ದು ನಿಮ್ಮ ಮಂಡಿಗೆ ಹೇಗೆ ಬಂತು?"

"ಒಂದೇ ಮನೆ ಅಲ್ವಾ ಡಾಕ್ಟ್ರೇ, ನಡ್ಕೊಂಡೇ ಬಂತು."

ಡಾಕ್ಟರಿಗೆ ನಗು ಬಂದರೂ, ಹೊಟ್ಟೆಯೊಳಗೆ ಉರಿ ಇದೆಯೇ ಎಂದು ಕೇಳಿದರು. ಇದೆ ಎಂದಾಗ ನಗು ನಿಂತಿತು. ಖಾಲಿ ಹೊಟ್ಟೆಯಲ್ಲಿ ಹೀಗೆ ಮನಸ್ಸಿಗೆ ಬಂದಂತೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ರಕ್ತಸ್ರಾವವೂ ಆಗಬಹುದು ಎಂದರು. ಆ ಉರಿ ಒಂದು ವಾರದಲ್ಲಿ ನಿಲ್ಲದಿದ್ದರೆ ಬಂದು ಹೇಳಬೇಕೆಂದರು. ಆಮೇಲೆ ಅವರು ಮಂಡಿಯನ್ನು ಮಡಚಿ, ಬಿಡಿಸಿ, ಅಂಗೈ ಇಟ್ಟು ಆ ಕರಕರವನ್ನು ಬಹಳ ಹೊತ್ತು ಕೇಳಿಸಿಕೊಂಡರು. ಬೆಳಗಿನ ಬಿಗಿ ಎಷ್ಟು ಹೊತ್ತು ಇರುತ್ತದೆ, ಊದುತ್ತದೆಯೇ, ಕೆಂಪಾಗುತ್ತದೆಯೇ, ಜ್ವರ ಬಂದಿತ್ತೇ ಎಂದೆಲ್ಲ ಕೇಳಿದರು.

"ಕೀಲು ಸವೆದಿದೆ ಅನ್ಸುತ್ತೆ. ಆಸ್ಟಿಯೋ ಆರ್ಥ್ರೈಟಿಸ್ ಅಂತೀವಿ. ಬೇರೆ ಏನೂ ಇರೋ ಹಾಗೆ ಕಾಣ್ತಿಲ್ಲ."

"ಎಕ್ಸ್‌ರೇ ಬೇಡವಾ?" ಎಂದೆ ನಾನು.

"ಈಗ ಬೇಡ. ಎಷ್ಟೋ ಸಲ ಎಕ್ಸ್‌ರೇಲಿ ಕಾಣೋ ಸವೆತವೇ ಬೇರೆ, ನೋವೇ ಬೇರೆ ಇರುತ್ತೆ. ನೋವಿನ ಲಕ್ಷಣ ಬದಲಾದ್ರೆ ತೆಗೆಸೋಣ."

ಮುಲಾಮು ಬರೆದುಕೊಟ್ಟರು. ಅದು ಸಾಲದಿದ್ದರೆ ಕೆಲವೇ ದಿನಕ್ಕೆ ಮಾತ್ರೆ, ಅದೂ ಹೊಟ್ಟೆಗೆ ರಕ್ಷಣೆಯ ಇನ್ನೊಂದು ಮಾತ್ರೆಯ ಜೊತೆ, ಅದೂ ಅವರನ್ನು ಕೇಳಿದ ಮೇಲೆ. ಎಲ್ಲಕ್ಕಿಂತ ಮುಖ್ಯ ತೊಡೆಯ ಸ್ನಾಯು ಗಟ್ಟಿಯಾಗುವ ವ್ಯಾಯಾಮ. ಅದನ್ನು ಕಲಿಸಲು ಪಕ್ಕದ ಕೋಣೆಯಲ್ಲಿ ಒಬ್ಬರಿದ್ದರು.

ಅತ್ತಿಗೆ ಇದ್ಯಾವುದನ್ನೂ ಕೇಳಿಸಿಕೊಂಡಂತೆ ಕಾಣಲಿಲ್ಲ. "ಡಾಕ್ಟ್ರೇ" ಎಂದರು, "ನನ್ನ ಮೇಜು?"

ಡಾಕ್ಟರಿಗೆ ಅರ್ಥವಾಗಲಿಲ್ಲ. ನಾನು ವಿವರಿಸಿದೆ.

"ಕೆಲಸ ಬಿಡಿ ಅಂತ ನಾನೆಲ್ಲಿ ಹೇಳಿದೆ? ಓಡಾಡ್ತಾ ಇದ್ರೇ ಮಂಡಿಗೆ ಒಳ್ಳೇದು. ಗಂಟೆಗಟ್ಟಲೆ ಒಂದೇ ಸಮ ನಿಲ್ಲಬೇಡಿ, ಅಷ್ಟೆ. ಒಂದು ಎತ್ತರದ ಸ್ಟೂಲ್ ಇಟ್ಕೊಳ್ಳಿ. ಸ್ವಲ್ಪ ಹೊತ್ತು ಕೂತು, ಸ್ವಲ್ಪ ಹೊತ್ತು ನಿಂತು ಮಾಡಿ."

ಅತ್ತಿಗೆ ಕರವಸ್ತ್ರ ತೆಗೆದರು. ಮುಖಕ್ಕೆ ಒತ್ತಿಕೊಳ್ಳಲಿಲ್ಲ. ತೊಡೆಯ ಮೇಲೆ ಹರಡಿ, ಅಂಗೈಯಿಂದ ನೀವಿ, ಮೂಲೆಗೆ ಮೂಲೆ ಕೂಡಿಸಿ ಮಡಚಿದರು. ಮತ್ತೆ ಬಿಡಿಸಿ ಮತ್ತೆ ಮಡಚಿದರು. ಡಾಕ್ಟರು ಕಾಯುತ್ತ ಕೂತರು.

ಅಣ್ಣ ಮರುದಿನವೇ ಸ್ಟೂಲ್ ತಂದ. ಅತ್ತಿಗೆ ಅದರ ಮೇಲೆ ಇಸ್ತ್ರಿಯಾದ ಅಂಗಿಗಳನ್ನು ಪೇರಿಸಿಟ್ಟರು.

"ಅದು ಅಂಗಿ ಕೂರೋದಕ್ಕೆ ತಂದಿದ್ದಲ್ಲ" ಎಂದ ಅಣ್ಣ.

"ಕೂತು ಇಸ್ತ್ರಿ ಮಾಡಿದ್ರೆ ಬೀದೀಲಿ ಹೋಗೋರು ಏನಂತಾರೆ? ಮಹಾರಾಣಿ ಸಿಂಹಾಸನ ಹತ್ತಿದ್ದಾಳೆ ಅಂತಾರೆ."

"ಅನ್ಲಿ ಬಿಡು. ನಾನು ಮಹಾರಾಜ ಆಗ್ತೀನಿ."

"ಗಾಡಿ ತಳ್ಳೋ ಮಹಾರಾಜ! ಸುಮ್ನೆ ಹೋಗ್ರೀ."

ಅಣ್ಣ ಹೋಗಲಿಲ್ಲ. "ಹಾಗಾದ್ರೆ ನೀನು ಮೇಲೆ ಹೋಗಿ ವ್ಯಾಯಾಮ ಮಾಡು, ಅಷ್ಟರಲ್ಲಿ ಇದನ್ನ ನಾನು ಮುಗಿಸ್ತೀನಿ" ಎಂದು ಪೆಟ್ಟಿಗೆ ಕೈಗೆತ್ತಿಕೊಂಡ. ಅವನು ಕಾಲರಿನಿಂದ ಶುರುಮಾಡಬೇಕಾದ್ದನ್ನು ತೋಳಿನಿಂದ ಶುರುಮಾಡಿದ. ತೋಳಿಗೆ ಒಂದರ ಪಕ್ಕ ಒಂದು ಎರಡು ಗೆರೆ ಬಿತ್ತು. ಬೆನ್ನಿನ ಮೇಲೆ ಹೊಸ ಸುಕ್ಕು ಹುಟ್ಟಿತು. ಅವನು ಅದರ ಮೇಲೆಯೇ ಪೆಟ್ಟಿಗೆ ಒತ್ತಿ ಅದನ್ನು ಶಾಶ್ವತ ಮಾಡಿದ. ಮೆಟ್ಟಿಲ ಬುಡದಲ್ಲಿ ನಿಂತು ನೋಡುತ್ತಿದ್ದ ಅತ್ತಿಗೆ ತಡೆಯಲಾಗದೆ ಬಂದರು. "ಕೊಡಿ ಇಲ್ಲಿ!" ಎಂದು ಪೆಟ್ಟಿಗೆ ಕಿತ್ತುಕೊಂಡರು. ಮಂಡಿ ಚುಳುಕ್ಕೆಂದಿರಬೇಕು. ಒಂದು ಕೈಯಲ್ಲಿ ಸ್ಟೂಲಿನ ಮೇಲಿದ್ದ ಅಂಗಿಗಳನ್ನು ನನ್ನ ತೋಳಿಗೆ ಸುರಿದು, ಬೈಯುತ್ತಲೇ ಕೂತರು, ಬೈಯುತ್ತಲೇ ನೀರು ಚಿಮುಕಿಸಿದರು. ಆ ಅಂಗಿ ಮುಗಿದು ಮುಂದಿನದಕ್ಕೆ ಕೈ ಹಾಕಿದಾಗಲೂ ಕೂತೇ ಇದ್ದರು. ಬೀದಿಯಲ್ಲಿ ಹೋಗುವವರು ಯಾರೂ ತಿರುಗಿ ನೋಡಲಿಲ್ಲ. ಅದು ಅತ್ತಿಗೆಗೆ ಸ್ವಲ್ಪ ಬೇಸರ ತಂದಿತೆಂದು ನನ್ನ ಅನುಮಾನ.

ಈಗ ಅವರು ಕೂರುತ್ತಾರೆ, ನಿಲ್ಲುತ್ತಾರೆ. ಮುಲಾಮು ತಪ್ಪಿಸುವುದಿಲ್ಲ. ಅಣ್ಣನ ಮಾತ್ರೆಗಳು ಅಣ್ಣನ ಬಳಿಯೇ ಇವೆ. ನೋವು ಹೋಗಿಲ್ಲ. ಕೇಳಿದರೆ "ಮೂರು" ಎನ್ನುತ್ತಾರೆ, ಕೆಲವು ದಿನ "ನಾಲ್ಕು, ಹೋಗೇ" ಎನ್ನುತ್ತಾರೆ. ಅದು ನಿಜವಾದ ಮೂರೋ ನನ್ನ ಸಮಾಧಾನಕ್ಕೆ ಹೇಳುವ ಮೂರೋ ನನಗೆ ತಿಳಿಯದು. ಕಡಿಮೆಯಾದದ್ದು ಮುಲಾಮಿನಿಂದಲೋ ವ್ಯಾಯಾಮದಿಂದಲೋ ಕೂರುವುದರಿಂದಲೋ, ಅದೂ ತಿಳಿಯದು. ಅಣ್ಣ ಆ ಅಂಗಿಯನ್ನು ಬೇಕೆಂದೇ ಕೆಡಿಸಿದನೇ ಎಂದು ಕೇಳಿದೆ, ಅವನು ಗಾಡಿಗೆ ಗಾಳಿ ಹೊಡೆಯುವ ನೆಪ ಮಾಡಿ ಎದ್ದುಹೋದ. ಅತ್ತಿಗೆ ಇನ್ನೆಷ್ಟು ವರ್ಷ ಆ ಮೇಜಿನ ಬಳಿ ಇರುತ್ತಾರೆ ಎಂದು ಡಾಕ್ಟರನ್ನು ಕೇಳಿದ್ದೆ. "ಅದನ್ನ ಈಗಲೇ ಹೇಳೋಕ್ಕಾಗಲ್ಲ" ಎಂದರು. ನನಗೂ ಗೊತ್ತಿಲ್ಲ.