ತಿರುವನಂತಪುರಕ್ಕೆ ಕೊಟ್ಟ ಲೆಕ್ಕ

ನನ್ನ ಗಂಡ ವಿಠಲರಾಯರನ್ನು ಮೊದಲು ಕಳ್ಳ ಎಂದದ್ದು ಮನುಷ್ಯರಲ್ಲ, ಯಂತ್ರ. ಕೇರಳದ ಏಲೂರಿನ ಕೆಮಿಕಲ್ ಕಾರ್ಖಾನೆಯೊಂದರಲ್ಲಿ ಇವರು ಸ್ಟೋರ್‌ಕೀಪರ್. ಎಪ್ಪತ್ತೆರಡರಲ್ಲಿ ಅಲ್ಲಿನ ದೊಡ್ಡವರಿಗೆ ಹೊಸ ಹುಚ್ಚು ಹಿಡಿದು, ಸ್ಟೋರಿನ ಲೆಕ್ಕವನ್ನೆಲ್ಲ ತಿರುವನಂತಪುರದ ಕಂಪ್ಯೂಟರ್ ಕಂಪನಿಗೆ ಗುತ್ತಿಗೆ ಕೊಟ್ಟರು. ಚೀಟಿ, ಸಹಿ ಎಲ್ಲ ಬಂದ್. ಸಾಮಾನು ಬಂದರೆ ಒಂದು ತೂತಿನ ಕಾರ್ಡು, ಹೋದರೆ ಒಂದು. ಬಂದ ಸಾಮಾನಿನ ಕಾರ್ಡು ಕೆಲವೇ, ತಿರುವನಂತಪುರಕ್ಕೆ ಲಕೋಟೆಯಲ್ಲಿ ಹೋಗುತ್ತಿದ್ದವು; ಕೊಟ್ಟ ಸಾಮಾನಿನವು ದೊಡ್ಡ ಕಟ್ಟು. ತಿಂಗಳಿಗೊಮ್ಮೆ ಲೆಕ್ಕ ಅಚ್ಚಾಗಿ ಬರುತ್ತಿತ್ತು. ನಮ್ಮ ಡಬ್ಬಿಯಲ್ಲಿ ಅಕ್ಕಿ ಎಷ್ಟಿದೆ ಎಂದು ಪರವೂರಿಗೆ ಕಾಗದ ಬರೆದು ಕೇಳಿದ ಹಾಗೆ!

ಒಂದು ತಿಂಗಳು ಬಂದ ಲೆಕ್ಕದ ಪ್ರಕಾರ ಸ್ಟೋರಿನ ತುಂಬ ಹಿತ್ತಾಳೆಯ ವಾಲ್ವುಗಳಿರಬೇಕಿತ್ತು. ಒಂದೂ ಇರಲಿಲ್ಲ, ಎಲ್ಲ ಪ್ಲಾಂಟಿಗೆ ಹೋಗಿದ್ದವು. ಪ್ಲಾಂಟಿನವರು ನೆನಪಿಲ್ಲವೆಂದು ಜಾರಿಕೊಂಡರು. ಇವರನ್ನು ಸಸ್ಪೆಂಡ್ ಮಾಡಿ, ಸೋಮವಾರ ವಿಚಾರಣೆ ಎಂದರು. ಕೆಲಸ ಹೋದರೆ ಹೋಗಲಿ, ಕಳ್ಳನ ಹೆಂಡತಿ ಎನಿಸಿಕೊಂಡು ನಾವಿದ್ದ ತ್ರಿಪ್ಪುಣಿತ್ತುರದ ಬೀದಿಯಲ್ಲಿ ನಾನು ನಡೆಯುವುದು ಹೇಗೆ? ಇವರೋ ತಲೆಮೇಲೆ ಕೈಹೊತ್ತು ಕೂತರು. ನಾನೇ ಎಬ್ಬಿಸಿ ತಿರುವನಂತಪುರದ ಬಸ್ಸು ಹತ್ತಿಸಿ ಜೊತೆಗೆ ಹೋದೆ.

ಅಲ್ಲಿನ ಉಳ್ಳೂರು ಬಡಾವಣೆಯಲ್ಲಿದ್ದ ಆ ಕಂಪನಿಯ ಅಧಿಕಾರಿ ಹಯವದನ ಮೈಸೂರಿನವರು. ಕನ್ನಡ ಕೇಳಿ ಮುಖ ಅರಳಿಸಿ ಕಾಫಿ ತರಿಸಿದರು. ಆಮೇಲೆ ಮೂಲೆಯಿಂದ ಒಂದು ಪೆಟ್ಟಿಗೆ ತಂದಿಟ್ಟರು. ಅದರ ತುಂಬ ಸಾಮಾನು ಕೊಟ್ಟದ್ದಕ್ಕೆ ಇವರು ಕಳಿಸಿದ್ದ ಕಾರ್ಡುಗಳು, ಅಂಚು ಉಬ್ಬಿ ಕಲೆಯಾಗಿದ್ದವು.

“ಇವನ್ನ ಮೆಷಿನ್ನು ತಗೊಳ್ಳಲೇ ಇಲ್ಲ ರಾಯರೇ. ಒದ್ದೆಯಾಗಿ ಊದಿಕೊಂಡಿವೆ. ಯಾತರಲ್ಲಿ ಕಟ್ತೀರಿ?”

“ಬಾಳೆನಾರಲ್ಲಿ,” ಎಂದರು ಇವರು ಮೆಲ್ಲಗೆ. “ನೆನೆಸಿ ಕಟ್ಟಿದ್ರೆ ಗಟ್ಟಿ ಕೂತ್ಕೊಳ್ತದೆ. ಉಡುಪಿಯಲ್ಲಿ ಮಲ್ಲಿಗೆ ಕಟ್ಟುವುದೂ ಹಾಗೇ ಅಲ್ವಾ?”

ನಗುವುದೋ ಅಳುವುದೋ ತಿಳಿಯಲಿಲ್ಲ. ಆದರೆ ನನಗೆ ಸಿಟ್ಟು ಬಂದದ್ದು ಹಯವದನರ ಮೇಲೆ.

“ತಗೊಳ್ಳಲಿಲ್ಲ ಅಂತ ಒಂದು ಮಾತು ತಿಳಿಸ್ಲಿಕ್ಕೆ ನಿಮಗೆ ಎಂತ ಆಗಿತ್ತು ಮಾರಾಯ್ರೆ?”

“ಕಾಂಟ್ರ್ಯಾಕ್ಟಲ್ಲಿ ಅದಿಲ್ಲಮ್ಮ. ಮೆಷಿನ್ನು ಓದಿದ ಕಾರ್ಡಿಗೆ ಮಾತ್ರ ನಮ್ಮ ಜವಾಬ್ದಾರಿ.”

ಪೆಟ್ಟಿಗೆ ಕೊಡುವುದಕ್ಕೂ ಅವರು ಮೇಲಿನವರನ್ನು ಕೇಳಬೇಕಂತೆ. ಅಷ್ಟರಲ್ಲಿ ನಾನು ಅದನ್ನೆತ್ತಿ ಸೊಂಟಕ್ಕೇರಿಸಿ ಬಾಗಿಲು ದಾಟಿದ್ದೆ.

ಸೋಮವಾರ ಪೆಟ್ಟಿಗೆಯೊಂದಿಗೆ ಹೋದ ಇವರು ಸಂಜೆ ನಗುನಗುತ್ತ ಬಂದರು.

“ಕಳ್ಳತನ ಅಲ್ಲ ಅಂತ ಆಯ್ತು, ಸುಮಿತ್ರಾ! ಬರೀ ಅಜಾಗ್ರತೆ ಅಂತೆ. ಒಂದು ಇಂಕ್ರಿಮೆಂಟ್ ಕಟ್, ಅಷ್ಟೇ.”

“ಆ ತಿರುವನಂತಪುರದವರಿಗೆ?”

“ಅವರಿಗೆಂತ? ಮುಂದಿನ ವರ್ಷದಿಂದ ನಮ್ಮ ಸಂಬಳದ ಲೆಕ್ಕವೂ ಅವರಿಗೇ ಅಂತೆ.”

ಹೇಳುವಾಗಲೂ ಇವರ ಮುಖದಲ್ಲಿ ಅದೇ ನಗು. ಕಳ್ಳನಲ್ಲ ಎನಿಸಿಕೊಂಡದ್ದಕ್ಕೇ ಒಬ್ಬ ಮನುಷ್ಯ ಇಷ್ಟೊಂದು ಸಂತೋಷಪಡುವ ಹಾಗೆ ಮಾಡಿಬಿಟ್ಟರಲ್ಲ ಎಂದು ನನಗೆ ಅಳು ಬಂತು.